ನೆಲದಾಗ ಬಿಸಿನೀರಿನ ಪೈಪು ಹಾಕ್ತಾರಲ್ಲ, ಅದನ್ನೇ ರಾಯಚೂರಿನ ಕೋಣೆಗೆ ತಂಪಿಗೆ ಹಾಕಬಹುದಾ?

ಕರಿಮಣ್ಣು (ರಾಯಚೂರು) – ಏಪ್ರಿಲ್ 9

ಮನೆ ಹಿಂದಿನ ಖಾಲಿ ಜಾಗದಲ್ಲಿ ಅವ್ವನಿಗೆ ಅಂತ ಒಂದು ಕೋಣೆ ಕಟ್ಟಿಸ್ತಿದ್ದೀನಿ. 12×14 ಅಡಿ, ಪಕ್ಕಕ್ಕೆ ಬಚ್ಚಲು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ, ಇನ್ನೊಂದು ತಿಂಗಳಲ್ಲಿ ಸ್ಲ್ಯಾಬು ಬೀಳುತ್ತೆ. ಅಷ್ಟರೊಳಗೆ ಒಂದು ವಿಷಯ ತೀರ್ಮಾನ ಆಗಬೇಕು.

ನಮ್ಮಣ್ಣ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಅವನೂ ಹೋದ ವರ್ಷ ಮನೆಗೆ ಒಂದು ಕೋಣೆ ಸೇರಿಸಿದ. ನೆಲದ ಕಾಂಕ್ರೀಟಿನೊಳಗೆ ಹಾವು ಹರಿದ ಹಾಗೆ ಪ್ಲಾಸ್ಟಿಕ್ ಪೈಪು ಹಾಸಿ, ಅದರಲ್ಲಿ ಬಿಸಿನೀರು ಓಡಿಸ್ತಾರೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಮಕ್ಕಳು ಬರಿಗಾಲಲ್ಲಿ ಓಡಾಡ್ತಾರೆ. ಫೋಟೋ ನೋಡಿದಾಗಿನಿಂದ ಒಂದೇ ಯೋಚನೆ. ಅದೇ ಪೈಪಿನಲ್ಲಿ ತಣ್ಣೀರು ಬಿಟ್ಟರೆ ನಮ್ಮೂರಿನ ಬೇಸಿಗೆಗೆ ಕೆಲಸಕ್ಕೆ ಬರುತ್ತಾ?

ಯಾಕೆ ಕೇಳ್ತಿದ್ದೀನಿ ಅಂದರೆ, ಏಪ್ರಿಲ್ ಬಂದರೆ ಮಧ್ಯಾಹ್ನ ಅವ್ವ ಮಂಚ ಬಿಟ್ಟು ಹೊಸ್ತಿಲ ಹತ್ತಿರ ಬರೀ ಕಲ್ಲಿನ ಮೇಲೆ ಮಲಗ್ತಾಳೆ. ಸೆರಗನ್ನು ನೀರಲ್ಲಿ ಅದ್ದಿ ಹಿಂಡಿ ಎದೆ ಮೇಲೆ ಹಾಸಿಕೊಂಡು, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡು. ಹದಿನೈದು ನಿಮಿಷಕ್ಕೆ ಆ ಕಲ್ಲೂ ಬೆಚ್ಚಗಾಗುತ್ತೆ. ಆಗ ಎರಡಡಿ ಆಚೆ ಸರೀತಾಳೆ. ಎಸಿ ಗಾಳಿ ತಾಗಿದರೆ ಮೊಣಕಾಲು ಹಿಡ್ಕೊಳ್ಳುತ್ತೆ, ಒಂದು ಗಂಟೆಗೆ ಎದ್ದು ಹೊರಗೆ ಬಂದುಬಿಡ್ತಾಳೆ. ಕೂಲರ್ ಸದ್ದಿಗೆ ನಿದ್ದೆ ಹತ್ತಲ್ಲ. ಗಾಳಿಯಿಲ್ಲದೆ, ಸದ್ದಿಲ್ಲದೆ ತಂಪು ಮಾಡುವ ದಾರಿ ಇದ್ದರೆ ಹೇಳಿ.

ಭತ್ತದ ಸೀಮೆ (ಗಂಗಾವತಿ) – ಏಪ್ರಿಲ್ 9

ಅಣ್ಣಾ, ಇಷ್ಟೆಲ್ಲಾ ಯಾಕ್ರಿ? ಮಾಳಿಗಿ ಮ್ಯಾಲೆ ಎರಡು ಸರ್ತಿ ಸುಣ್ಣ ಹೊಡಸ್ರಿ. ನಾವು ವರ್ಷಾ ಶಿವರಾತ್ರಿ ಮುಗೀತಂದ್ರ ಹೊಡೀತೀವಿ. ಖರ್ಚು ಕಡಿಮಿ, ಫರಕ್ ಅವತ್ತ ಗೊತ್ತಾಗ್ತೈತಿ.

ಇನ್ನೊಂದು. ತಣ್ಣೀರು ಬಿಟ್ರ ನೆಲ ಬೆವರತೈತಿ. ನಮ್ಮ ಕಡಿ ಕಾಲುವಿ ನೀರು, ಗದ್ದಿ ನೀರು, ಗಾಳಿ ಯಾವಾಗ್ಲೂ ಹಸಿ. ವಯಸ್ಸಾದವ್ರು ಜಾರಿ ಬಿದ್ರ ಏನ್ ಮಾಡ್ತೀರಿ? ಯೋಚನಿ ಮಾಡ್ರಿ.

ಪಾಯ-ಗೋಡೆ (ಬಳ್ಳಾರಿ) – ಏಪ್ರಿಲ್ 10

ನಾನು ಸಿವಿಲ್ ಎಂಜಿನಿಯರ್, ಮನೆಗಳ ವಿನ್ಯಾಸ ಮಾಡುತ್ತೇನೆ. ಗಂಗಾವತಿಯವರು ಎತ್ತಿದ ಎರಡೂ ಮಾತು ಸರಿ. ಆದರೆ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಬೇಕು.

ಕೋಣೆ ಕಾಯುವುದು ಮುಖ್ಯವಾಗಿ ಛಾವಣಿಯಿಂದ. ಐದು ಇಂಚಿನ ಬರೀ ಕಾಂಕ್ರೀಟ್ ಸ್ಲ್ಯಾಬು ಬಿಸಿಲನ್ನು ತಡೆಯುವುದಿಲ್ಲ, ಕುಡಿದು ಕೆಳಗೆ ಬಿಡುತ್ತದೆ. ಅದಕ್ಕೇ ಹಗಲಿಗಿಂತ ರಾತ್ರಿ ಎಂಟು-ಒಂಬತ್ತು ಗಂಟೆಗೆ ಕೋಣೆ ಹೆಚ್ಚು ಬೇಯುತ್ತದೆ. ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದಕ್ಕೆ ಯು-ಮೌಲ್ಯ ಎಂಬ ಅಳತೆ ಇದೆ. ಬರೀ ಸ್ಲ್ಯಾಬಿಗೆ ಅದು 3ರ ಮೇಲೆ. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತೆ, 2018ರದ್ದು, ಮನೆಯ ಛಾವಣಿಗೆ 1.2 ದಾಟಬಾರದು ಎನ್ನುತ್ತದೆ. ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಹಾಸಿ, ಅದರ ಮೇಲೆ ಗಾರೆ, ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲಿನ ಚೂರುಗಳ ಹಾಸು) ಮಾಡಿದರೆ ಸುಮಾರು 0.5ಕ್ಕೆ ಇಳಿಯುತ್ತದೆ. ಒಳಗೆ ಬರುವ ಶಾಖ ಆರರಲ್ಲಿ ಒಂದು ಪಾಲು.

ಇದನ್ನು ಮಾಡದೆ ಪೈಪು ಹಾಕಿದರೆ ತಣ್ಣೀರು ಅವ್ವನನ್ನು ತಂಪು ಮಾಡುವುದಿಲ್ಲ, ಬಿಸಿಲನ್ನು ಹೊತ್ತು ಹೊತ್ತು ಸುಸ್ತಾಗುತ್ತದೆ. ಮೊದಲು ಛಾವಣಿ ಮುಚ್ಚಿ, ಆಮೇಲೆ ಪೈಪಿನ ಮಾತು.

ಗಚ್ಚಿನ ಕೆಲಸ (ಮಸ್ಕಿ ಕಡೆ) – ಏಪ್ರಿಲ್ 10

ಮೇಡಂ ಹೇಳಿದ್ದು ಖರೆ ಅದ. ನಮ್ಮಪ್ಪ ಮೇಲ್ಮುದ್ದಿ ಮನಿ, ಅಂದ್ರ ಮಣ್ಣಿನ ಮಾಳಿಗಿ ಮನಿ, ಕಟ್ತಿದ್ದ. ತೊಲಿ, ಜಂತಿ, ಅದರ ಮ್ಯಾಲೆ ಕಟಗಿ ಚಕ್ಕಿ, ಬೇವಿನ ತಪ್ಪಲ, ಆಮ್ಯಾಲೆ ಒಂದೊಂದು ಗೇಣು ಮಣ್ಣು, ಕಡೀಕ ಸೌಳು ಮಣ್ಣು. ಸೌಳು ಮಣ್ಣು ನೀರು ಇಳಿಯಾಕ ಬಿಡಂಗಿಲ್ಲ. ಅಂಥಾ ಮನ್ಯಾಗ ಮಧ್ಯಾಹ್ನ ಹೋದ್ರ ಬಾಗ್ಲಾಗ ಕಾಲಿಡೂದ ತಡ, ಮೈ ಹಗುರ ಆಗ್ತದ. ಗವಾಕ್ಷಿ ತೆಗೆದ್ರ ರಾತ್ರಿ ಬಿಸಿ ಎಲ್ಲಾ ಮ್ಯಾಲೆ ಹೋಗಿಬಿಡ್ತದ.

ಈಗ ಎಲ್ಲಾರೂ ಆರ್‌ಸಿಸಿ ಕೇಳ್ತಾರ. ಮಣ್ಣಿನ ಮಾಳಿಗಿ ವರ್ಷಾ ಸಂಭಾಳಸಾಕ ಮನಿಷಾರಿಲ್ಲ. ಅದು ನನಗೂ ಗೊತ್ತದ. ಆದ್ರ ಆ ದಪ್ಪ ಹೋತು, ಅದರ ಜಾಗಾಕ್ಕ ಏನೂ ಬರಲಿಲ್ಲ.

ಕರಿಮಣ್ಣು – ಏಪ್ರಿಲ್ 10

ಅವ್ವ ಇದನ್ನೇ ಹೇಳ್ತಿರ್ತಾಳೆ, "ಹಳೇ ಮನ್ಯಾಗ ಹಿಂಗಿರಲಿಲ್ಲ" ಅಂತ. ನಾನು ವಯಸ್ಸಿಗೆ ಹಾಗನಿಸುತ್ತೆ ಅಂದುಕೊಂಡಿದ್ದೆ. ಛಾವಣಿ ಮುಚ್ಚೋದು ಖಂಡಿತ ಮಾಡಿಸ್ತೀನಿ. ಅಣ್ಣನಿಗೂ ಇಲ್ಲಿ ಬರೆಯೋಕೆ ಹೇಳಿದ್ದೀನಿ.

ಹಿಮದೂರು (ಮಿನಿಯಾಪೊಲಿಸ್, ಮೂಲ ರಾಯಚೂರು) – ಏಪ್ರಿಲ್ 11

ತಮ್ಮ ಹೇಳಿದ ಕೋಣೆ ನನ್ನದೇ. ಇಲ್ಲಿ ಹೇಗೆ ಮಾಡಿದ್ವಿ ಅಂತ ಹೇಳ್ತೀನಿ, ಅಲ್ಲಿಗೆ ಯಾವುದು ಹೊಂದುತ್ತೆ ನೀವೇ ನೋಡಿ.

ಇಲ್ಲಿ ಚಳಿಗಾಲದಲ್ಲಿ ಭೂಮಿಯೇ ಹೆಪ್ಪುಗಟ್ಟುತ್ತೆ. ಪಾಯ 42 ಇಂಚಿಗಿಂತ ಮೇಲಿದ್ದರೆ ಹೆಪ್ಪುಗಟ್ಟಿದ ಮಣ್ಣು ಅದನ್ನು ಎತ್ತಿಬಿಡುತ್ತೆ, ಅದಕ್ಕೇ ಅಷ್ಟು ಆಳ ಬೇಕು ಅಂತ ಕಾನೂನೇ ಇದೆ. ಅಷ್ಟು ಅಗೆದು ಪಾಯ ಹಾಕಿ, ಜಲ್ಲಿ, ಪ್ಲಾಸ್ಟಿಕ್ ಹಾಳೆ, ಎರಡಿಂಚು ಫೋಮ್ ಹಲಗೆ, ಮೇಲೆ ಕಬ್ಬಿಣದ ಜಾಲರಿ. ಜಾಲರಿಗೆ ಅರ್ಧ ಇಂಚಿನ ಪೆಕ್ಸ್ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪನ್ನು ಒಂಬತ್ತು ಇಂಚಿಗೊಂದರಂತೆ ಕಟ್ಟಿ, ಕಾಂಕ್ರೀಟ್ ಸುರಿದರು. ಈ ನೆಲದ ಸ್ಲ್ಯಾಬಿನ ಅಂಚಿಗೂ ನಿಂತ ಫೋಮ್ ಬೇಕು. ಇಲ್ಲದಿದ್ದರೆ ಶಾಖವೆಲ್ಲ ಹೊರಗೋಡೆ ಕಡೆ ಸೋರಿಹೋಗುತ್ತೆ. ಸೇರಿಸಿದ ಕೋಣೆಯಲ್ಲಿ ಜನ ಹೆಚ್ಚಾಗಿ ತಪ್ಪು ಮಾಡೋದು ಇಲ್ಲೇ.

ಇನ್ನೊಂದು ತೊಡಕು ಹಳೇ ಮನೆಯದು. ನಮ್ಮ ಹಳೇ ರೇಡಿಯೇಟರುಗಳಿಗೆ ಬಾಯ್ಲರ್ 70-80 ಡಿಗ್ರಿ ನೀರು ಕೊಡುತ್ತೆ. ನೆಲಕ್ಕೆ 35ರಿಂದ 40 ಸಾಕು. ಕಾಲಿಡುವ ನೆಲ 29 ಡಿಗ್ರಿ ದಾಟಬಾರದು, ಬಚ್ಚಲಲ್ಲಿ 33. ಅದಕ್ಕೇ ಹೊಸ ಕೋಣೆಗೆ ಬೇರೆ ಝೋನ್, ಬೇರೆ ಪಂಪು, ಬಿಸಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವು. ನೆಲ ಕಾಯೋಕೆ ಗಂಟೆಗಟ್ಟಲೆ ಬೇಕು, ಆರೋಕೂ ಅಷ್ಟೇ. ಸ್ವಿಚ್ ಹಾಕಿ ತೆಗೆಯೋ ಆಟ ನಡೆಯಲ್ಲ. ಒಂದೇ ಹದಕ್ಕೆ ಇಟ್ಟು ಬಿಟ್ಟುಬಿಡಬೇಕು.

ಒಂದು ಮಾತು ಬಿಗಿಯಾಗಿ ಹಿಡ್ಕೊ ತಮ್ಮ: ಕಾಂಕ್ರೀಟಿನೊಳಗೆ ಒಂದೂ ಜಾಯಿಂಟ್ ಇರಬಾರದು. ಪೈಪು ಹೊರಗಿನಿಂದ ಹೊರಗಿನವರೆಗೆ ಅಖಂಡ ಇರಬೇಕು. ಅರ್ಧ ಇಂಚಿನದಾದರೆ ಒಂದು ಸುತ್ತು 300 ಅಡಿ ಮೀರಬಾರದು.

ಸಂಡೂರು ಗಾಳಿ (ತೋರಣಗಲ್ಲು) – ಏಪ್ರಿಲ್ 11

ಕಾರ್ಖಾನೆಯಲ್ಲಿ ಕೂಲಿಂಗ್ ಟವರ್ ನೋಡಿಕೊಳ್ಳೋ ಕೆಲಸ ನಂದು. ಇದು ನನ್ನ ವಿಷಯ, ಸ್ವಲ್ಪ ಉದ್ದ ಬರೀತೀನಿ.

ಮೊದಲು ನೆಲವೋ ಛಾವಣಿಯೋ. ಬಿಸಿ ಮೇಲೇರುತ್ತೆ, ತಂಪು ಕೆಳಗಿಳಿಯುತ್ತೆ. ಹಾಗಾಗಿ ಬಿಸಿಗೆ ನೆಲ, ತಂಪಿಗೆ ಛಾವಣಿ. ಕೋಣೆಗೂ ಮೇಲ್ಮೈಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಚದರ ಮೀಟರಿಗೆ ತಂಪು ಛಾವಣಿ ಸುಮಾರು 11 ವ್ಯಾಟ್ ಶಾಖ ಎಳೆಯುತ್ತೆ, ತಂಪು ನೆಲ 7 ಮಾತ್ರ. ಮೇಲಾಗಿ ಮೊಣಕಾಲು ನೋವಿನವರಿಗೆ ತಣ್ಣನೆ ನೆಲ ಬೇಡವೇ ಬೇಡ. ಜಾರಿ ಬೀಳುವ ಭಯವೂ ತಪ್ಪುತ್ತೆ.

ಈಗ ತಣ್ಣೀರು ಎಲ್ಲಿಂದ? ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇಟ್ಟರೆ ಖರ್ಚು, ಬೆವರೋ ಭಯವೂ ಇದೆ. ಅದರ ಬದಲು ನಿಮ್ಮ ತಾಯಿ ಮಾಡ್ತಿರೋದನ್ನೇ ಮಾಡಿ. ಒದ್ದೆ ಸೆರಗು ತಂಪಾಗೋದು ನೀರು ಆರೋದರಿಂದ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಎಷ್ಟಕ್ಕೆ ಇಳಿಯುತ್ತೋ ಅದನ್ನ ನಾವು ವೆಟ್ ಬಲ್ಬ್ ಅಂತೀವಿ. ಹೊರಗೆ 40 ಡಿಗ್ರಿ, ಗಾಳಿಯಲ್ಲಿ ತೇವ 20 ಪರ್ಸೆಂಟ್ ಇದ್ದರೆ ಅದು 22-23 ಡಿಗ್ರಿ. ಅಂದರೆ ಹೆಚ್ಚು ಕರೆಂಟು ಸುಡದೆ, ಬರೀ ಒಂದು ಫ್ಯಾನು ಮತ್ತು ನೀರಿನಿಂದ 25-26 ಡಿಗ್ರಿ ನೀರು ಸಿಗುತ್ತೆ. ಅದನ್ನ ಛಾವಣಿ ಸ್ಲ್ಯಾಬಿನೊಳಗಿನ ಪೈಪಿನಲ್ಲಿ ಓಡಿಸಿ, ಸ್ಲ್ಯಾಬು 28ಕ್ಕೆ ನಿಂತರೆ ಸಾಕು. ನಿಮ್ಮಲ್ಲಿ ಈಗ ಛಾವಣಿಯ ಒಳಮೈ 40ರ ಹತ್ತಿರ ಇರುತ್ತೆ, ಮಂಚದ ಮೇಲೆ ಮಲಗಿದವರ ಮೈಗೆ ಇಡೀ ರಾತ್ರಿ ಅದು ಬಡೀತಿರುತ್ತೆ.

ಬೆವರುವ ವಿಷಯ. ಗಾಳಿಯಲ್ಲಿನ ತೇವ ಯಾವ ಡಿಗ್ರಿಗೆ ಹನಿಯಾಗುತ್ತೋ ಅದು ಇಬ್ಬನಿ ಬಿಂದು; ಒಂದು ವಸ್ತು ಅದಕ್ಕಿಂತ ತಣ್ಣಗಾದರೆ ಮಾತ್ರ ಬೆವರುತ್ತೆ. ಮೇಲೆ ಹೇಳಿದ ಏಪ್ರಿಲ್ ಗಾಳಿಗೆ ಇಬ್ಬನಿ ಬಿಂದು 13 ಡಿಗ್ರಿ ಆಸುಪಾಸು. ನಮ್ಮ ನೀರು 25. ಬೆವರೋ ಮಾತೇ ಇಲ್ಲ. ಮಳೆಗಾಲದಲ್ಲಿ 30 ಡಿಗ್ರಿ, ತೇವ 75 ಇದ್ದರೆ ಇಬ್ಬನಿ ಬಿಂದು 25ಕ್ಕೆ ಏರುತ್ತೆ, ಆದರೆ ವೆಟ್ ಬಲ್ಬೂ 26 ದಾಟಿರುತ್ತೆ. ಆರಿಸಿ ತಂಪು ಮಾಡಿದ ನೀರು ಹೊರಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗೆ ಯಾವತ್ತೂ ಹೋಗೋದಿಲ್ಲ. ಆ ಸೀಸನ್ನಿನಲ್ಲಿ ಪ್ರಯೋಜನ ಕಡಿಮೆ, ಅಪಾಯ ಇಲ್ಲ. ಗಂಗಾವತಿ ಅಣ್ಣನವರ ಗದ್ದೆ ಸೀಮೆಯಲ್ಲಿ ಲಾಭ ನಮಗಿಂತ ಕಡಿಮೆಯೇ, ಅದು ನಿಜ.

ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್‌ನವರು 2011ರಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಸ್ಲ್ಯಾಬಿನೊಳಗೆ ಪೈಪು ಹಾಕಿ ಹೋಲಿಸಿ ನೋಡಿದರು. ಪೈಪಿನ ಅರ್ಧ ಸುಮಾರು ಮೂರನೇ ಒಂದು ಪಾಲು ಕರೆಂಟು ಉಳಿಸಿತು. ಅಲ್ಲಿ ಚಿಲ್ಲರ್ ಇದೆ, ತೇವ ತೆಗೆಯೋ ಯಂತ್ರ ಇದೆ, ನಮ್ಮದು ಬಡವರ ಆವೃತ್ತಿ. ಆದರೆ ಸ್ಲ್ಯಾಬಿನೊಳಗೆ ಪೈಪು ನಮ್ಮ ಬಿಸಿಲಿಗೂ ನಡೆಯುತ್ತೆ ಅನ್ನೋಕೆ ಅದು ಸಾಕ್ಷಿ.

ಕರಿಮಣ್ಣು – ಏಪ್ರಿಲ್ 11

ಓದಿ ಓದಿ ಎರಡು ಸಲ ಓದಿದೆ. ನೀರು ಎಷ್ಟು ಬೇಕಾಗುತ್ತೆ? ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರಲ್ಲ, ಬೋರಿನದು ಉಪ್ಪು. ಕೊಡಕ್ಕೆ ಹಿಡಿದಿಟ್ಟರೆ ಮೂರು ದಿನಕ್ಕೆ ಒಳಗೆ ಬಿಳೀ ಪದರ ಕಟ್ಟುತ್ತೆ.

ಸಂಡೂರು ಗಾಳಿ – ಏಪ್ರಿಲ್ 12

ಒಂದು ಲೀಟರ್ ನೀರು ಆರಿದರೆ ಸುಮಾರು 0.68 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಹೊತ್ತುಕೊಂಡು ಹೋಗುತ್ತೆ. ನಿಮ್ಮ ಕೋಣೆ 15.6 ಚದರ ಮೀಟರ್. ಚದರ ಮೀಟರಿಗೆ 50 ವ್ಯಾಟ್ ತೆಗೆದರೆ 780 ವ್ಯಾಟ್, ಹನ್ನೆರಡು ಗಂಟೆ ಓಡಿಸಿದರೆ 14 ಲೀಟರ್. ಒಂದು ಕೊಡ. ಆದರೆ ಇದು ಕಾಗದದ ಲೆಕ್ಕ. ಫ್ಯಾನಿನಿಂದ ಹೋಗುವ ಗಾಳಿಯೂ ತಂಪಾಗಿ ಹೋಗುತ್ತಲ್ಲ, ಅದಕ್ಕೂ ನೀರು ಖರ್ಚು. ಮೂರ್ನಾಲ್ಕು ಕೊಡ ಅಂತ ಇಟ್ಟುಕೊಳ್ಳಿ. ಫ್ಯಾನು ನಿಧಾನ ಓಡಿಸಿದಷ್ಟೂ ಉಳಿತಾಯ.

ಉಪ್ಪು ನೀರನ್ನ ಮಾತ್ರ ಸ್ಲ್ಯಾಬಿನ ಪೈಪಿಗೆ ಬಿಡಬೇಡಿ. ಎರಡು ನೀರು ಬೇರೆ ಬೇರೆ ಇರಲಿ. ಸ್ಲ್ಯಾಬಿನದು ಮುಚ್ಚಿದ ಸುತ್ತು: ಆರ್‌ಒ ನೀರು ಒಮ್ಮೆ ತುಂಬಿಸಿ, ತುಕ್ಕು-ಪಾಚಿಗೆ ಔಷಧ ಹಾಕಿ, ನೀರು ಹಿಗ್ಗಿದರೆ ಜಾಗ ಇರಲಿ ಅಂತ ಒಂದು ಸಣ್ಣ ಎಕ್ಸ್‌ಪಾನ್ಶನ್ ಟ್ಯಾಂಕ್ ಕೂಡಿಸಿ. ಆರುವ ನೀರು ಹೊರಗೆ. ಅದಕ್ಕೆ ಹಳೇ ದೊಡ್ಡ ಕೂಲರ್ ಸಾಕು. ಕೋಣೆ ಹೊರಗೆ ನೆರಳಲ್ಲಿ ಇಟ್ಟು ಅದರ ತೊಟ್ಟಿಯೊಳಗೆ 15 ಮೀಟರ್ ತಾಮ್ರದ ಸುರುಳಿ ಮುಳುಗಿಸಿ. ಸ್ಲ್ಯಾಬಿನ ನೀರು ಆ ಸುರುಳಿಯಲ್ಲಿ ಓಡಲಿ. ಕೂಲರ್ ಗಾಳಿ ಒಳಗೆ ಬರೋದೇ ಬೇಡ, ಹಾಗಾಗಿ ಕೋಣೆ ಜಿಗುಟಾಗಲ್ಲ. ತೊಟ್ಟಿಯ ನೀರು ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಇಲ್ಲದಿದ್ದರೆ ಉಪ್ಪು ಗಟ್ಟಿಯಾಗುತ್ತೆ, ಸೊಳ್ಳೆಯೂ ಆಗುತ್ತೆ. ಚೆಲ್ಲಿದ್ದು ಗಿಡಕ್ಕೆ ಹಾಕುವ ಮುಂಚೆ ರುಚಿ ನೋಡಿ, ತೀರಾ ಉಪ್ಪಾಗಿದ್ದರೆ ಬೇಡ.

ಪಂಪು 40-60 ವ್ಯಾಟಿನದು ಸಾಕು, ನಿಮಿಷಕ್ಕೆ ನಾಲ್ಕು ಲೀಟರ್ ಓಡಿದರೆ ಆಯ್ತು. ಇನ್ವರ್ಟರ್ ಮೇಲೆ ನಡೆಯುತ್ತೆ.

ಪಾಯ-ಗೋಡೆ – ಏಪ್ರಿಲ್ 12

ಸ್ಲ್ಯಾಬಿಗೆ ಪೈಪು ಸೇರಿಸುವ ಮುಂಚೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಬೇಕು, ಇದು ಮೇಸ್ತ್ರಿ ಮಟ್ಟದಲ್ಲಿ ಮುಗಿಸುವ ಮಾತಲ್ಲ. 125 ಬದಲು 150 ಮಿಲಿಮೀಟರ್ ಸ್ಲ್ಯಾಬು ಕೇಳಬಹುದು. 16 ಮಿಲಿಮೀಟರ್ ಪೈಪು, 150 ಮಿಲಿಮೀಟರ್ ಅಂತರ: ನಿಮ್ಮ ಕೋಣೆಗೆ ಸುಮಾರು 104 ಮೀಟರ್ ಬೇಕು. ಒಂದೇ ಸುತ್ತು ಮಾಡಬೇಡಿ, 52ರ ಎರಡು ಸುತ್ತು ಮಾಡಿ. ತೊಲೆಯ ಮೇಲೆ ಕಬ್ಬಿಣ ಒತ್ತೊತ್ತಾಗಿರುವ ಕಡೆ ಪೈಪು ಹಾಯಿಸಬೇಡಿ. ಫ್ಯಾನಿನ ಕೊಕ್ಕೆ, ಲೈಟಿನ ಡಬ್ಬಿ ಸುತ್ತ ಒಂದಡಿ ಖಾಲಿ ಬಿಡಿ.

ಕಾಂಕ್ರೀಟಿಗೆ ಮುಂಚೆ ನೀರು ತುಂಬಿ 6 ಬಾರ್ ಒತ್ತಡಕ್ಕೆ ಏರಿಸಿ ಒಂದು ದಿನ ಬಿಡಿ. ಪೈಪು ಹಿಗ್ಗುವುದರಿಂದ ಮೊದಲ ಗಂಟೆಯಲ್ಲಿ ಸ್ವಲ್ಪ ಇಳಿಯುವುದು ಸಹಜ, ಮತ್ತೆ ಏರಿಸಿ ನೋಡಿ. ಸುರಿಯುವಾಗಲೂ ಒತ್ತಡ ಇಳಿಸಬೇಡಿ. ಒಬ್ಬರು ಗೇಜಿನ ಮುಂದೆಯೇ ನಿಂತಿರಲಿ.

ಗಚ್ಚಿನ ಕೆಲಸ – ಏಪ್ರಿಲ್ 12

ವೈಬ್ರೇಟರ್ ಹಿಡಿಯಾವಗ ಮೊದಲ ತೋರಿಸ್ರಿ ಪೈಪು ಎಲ್ಲಿ ಅದ ಅಂತ. ಅಂವಾ ಹಗಲೆಲ್ಲಾ ಕಬ್ಬಿಣ ನೋಡಿದಾಂವ, ಪ್ಲಾಸ್ಟಿಕ್ ಅಂದ್ರ ಕರೆಂಟಿನ ಪೈಪು ಅಂತ ತುಳೀತಾನ.

ಕರಿಮಣ್ಣು – ಮೇ 17

ಸ್ಲ್ಯಾಬು ನಿನ್ನೆ ಬಿತ್ತು. ಅದಕ್ಕೂ ಮುಂಚೆ ಆದದ್ದನ್ನ ಬರೀಲೇಬೇಕು, ಯಾರಿಗಾದರೂ ಉಪಯೋಗ ಆಗುತ್ತೆ.

ಪೈಪು ಹಾಸಿ ಸಂಜೆ ಆರಕ್ಕೆ 6 ಬಾರ್ ಏರಿಸಿದ್ವಿ. ಬೆಳಿಗ್ಗೆ ನೋಡಿದರೆ 4. ಮತ್ತೆ ಏರಿಸಿದೆ, ಎರಡು ಗಂಟೆಗೆ 5. ಎಡಗಡೆ ಸುತ್ತು ಗಟ್ಟಿ ನಿಂತಿತ್ತು, ಬಲಗಡೆಯದು ಇಳೀತಿತ್ತು. ಸೆಂಟ್ರಿಂಗ್ ಶೀಟಿನ ಮೇಲೆ ಒಣ ಸಿಮೆಂಟು ಉದುರಿಸಿ ಅಂಗೈ ಹಿಡಿದು ನೋಡ್ತಾ ಹೋದೆ. ಕಿಟಕಿ ಪಕ್ಕದ ತಿರುವಿನಲ್ಲಿ ನಾಲ್ಕಾಣೆ ಅಗಲದ ಒದ್ದೆ ಕಲೆ. ಪೈಪನ್ನ ಎತ್ತಿ ನೋಡಿದರೆ ಬೈಂಡಿಂಗ್ ವೈರಿನ ತಿರುಚಿದ ತುದಿ ಸೂಜಿ ಹಾಗೆ ಚುಚ್ಚಿಕೊಂಡಿದೆ. ಪ್ಲಾಸ್ಟಿಕ್ ಟೈ ತಂದುಕೊಟ್ಟಿದ್ದೆ, ಕತ್ತಲಾದ ಮೇಲೆ ಮುಗಿದು ಹೋಗಿ ಯಾರೋ ಹುಡುಗ ವೈರಿನಲ್ಲಿ ಕಟ್ಟಿದ್ದಾನೆ.

ಪ್ಲಂಬರ್ "ಒಂದು ಜಾಯಿಂಟ್ ಹಾಕಿಬಿಡೋಣ, ಏನಾಗಲ್ಲ" ಅಂದ. ಅಣ್ಣನ ಮಾತು ನೆನಪಿತ್ತು. 52 ಮೀಟರ್ ಪೂರಾ ಬಿಚ್ಚಿಸಿ ಹೊಸದು ಹಾಕಿಸಿದೆ. ಕಾಂಕ್ರೀಟಿನವರು ಬಂದು ನಿಂತಿದ್ದರು, ಅವತ್ತಿನ ಕೂಲಿ ಕೊಟ್ಟು ವಾಪಸ್ ಕಳಿಸಬೇಕಾಯ್ತು. ಬೇಜಾರಾಯ್ತು. ಆದರೆ ರಾತ್ರಿ ಗೇಜು ಅಲುಗದೆ ನಿಂತಾಗ ಆ ಬೇಜಾರು ಹೋಯ್ತು.

ಸುರಿಯೋ ಮುಂಚೆ ನಾಲ್ಕೂ ಗೋಡೆಯಿಂದ ಟೇಪು ಹಿಡಿದು ಪ್ರತಿ ಸಾಲಿನ ಫೋಟೋ ತೆಗೆದಿದ್ದೀನಿ. ಅದನ್ನ ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನೊಳಗೆ ಅಂಟಿಸ್ತೀನಿ.

ಹಿಮದೂರು – ಮೇ 17

ಬಿಚ್ಚಿಸಿದ್ದು ಒಳ್ಳೇದಾಯ್ತು. ಅವ್ವನಿಗೆ ವಿಡಿಯೋದಲ್ಲಿ ತೋರಿಸಿದೆ. "ಇಷ್ಟೆಲ್ಲಾ ಕೊಳವಿ ನನಗಾ?" ಅಂದಳು.

ಕರಿಮಣ್ಣು – ಮರುವರ್ಷ, ಏಪ್ರಿಲ್ 26

ತುಂಬಾ ಜನ ಮೆಸೇಜು ಮಾಡಿ ಕೇಳ್ತಿದ್ದೀರಿ, ಒಂದೇ ಕಡೆ ಬರೀತೀನಿ.

ಛಾವಣಿ ಮೇಲೆ 50 ಮಿಲಿಮೀಟರ್ ಹಲಗೆ, ಬಿಳಿ ಮೊಸಾಯಿಕ್ ಆಗಿದೆ. ಮಾರ್ಚಿನಲ್ಲಿ ಪಂಪು ಹಾಕದೆ ಬರೀ ಅಷ್ಟರಲ್ಲೇ ನೋಡಿದೆ. ಹಳೇ ಕೋಣೆಗೂ ಇದಕ್ಕೂ ಆಗಲೇ ವ್ಯತ್ಯಾಸ ಇತ್ತು. ಬಳ್ಳಾರಿ ಮೇಡಂ ಹೇಳಿದ ಕ್ರಮ ಸರಿ. ದುಡ್ಡು ಒಂದಕ್ಕೇ ಸಾಕಾಗುತ್ತೆ ಅನ್ನೋರು ಛಾವಣಿಯನ್ನೇ ಮಾಡಿಸಿ.

ಏಪ್ರಿಲ್ ಮೊದಲ ವಾರದಿಂದ ಪಂಪು ಶುರು ಮಾಡಿದೆ. ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ, ಮತ್ತೆ ಮಧ್ಯಾಹ್ನ ಎರಡು ಗಂಟೆ. ಮೊನ್ನೆ ಹೊರಗೆ 41 ಇದ್ದಾಗ ಮಧ್ಯಾಹ್ನ ಮೂರಕ್ಕೆ ಹಳೇ ಕೋಣೆಯ ಛಾವಣಿ ಒಳಮೈ 39, ಅವ್ವನ ಕೋಣೆಯದು 29. ಕೋಣೆ ಗಾಳಿ 32 ತೋರಿಸುತ್ತೆ, ಆದರೆ ಮೈಗೆ 32 ಅನಿಸಲ್ಲ. ಸೀಲಿಂಗ್ ಫ್ಯಾನು ಒಂದರಲ್ಲಿ ತಿರುಗ್ತಿರುತ್ತೆ, ಅಷ್ಟು ಬೇಕು. ಎಸಿಯ ಹಾಗೆ ಒಳಗೆ ಹೋದ ತಕ್ಷಣ ಚಳಿ ಹತ್ತೋದಿಲ್ಲ, ಅದನ್ನ ನಿರೀಕ್ಷೆ ಮಾಡಬೇಡಿ. ಎರಡು ದಿನ ಪಂಪು ನಿಲ್ಲಿಸಿದರೆ ಮತ್ತೆ ಹದಕ್ಕೆ ಬರೋಕೆ ಒಂದು ರಾತ್ರಿ ಬೇಕು.

ನೀರು ದಿನಕ್ಕೆ 50ರಿಂದ 60 ಲೀಟರ್ ಹೋಗ್ತಿದೆ. ಎರಡು ದಿನಕ್ಕೊಮ್ಮೆ ತೊಟ್ಟಿ ಚೆಲ್ಲೋದು ಬೇರೆ. ಪ್ಯಾಡಿಗೆ ಆಗಲೇ ಬಿಳೀ ಉಪ್ಪು ಹತ್ತಿದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಕೂಲರಿನ ಬಾಯಿ ಹಿತ್ತಲಿಗೆ ತಿರುಗಿಸಿದ್ದೀನಿ. ಓಣಿಯ ನಾಯಿಗಳು ಎರಡು ಅದರ ಮುಂದೆ ಬಂದು ಮಲಗ್ತಾವೆ.

ಭತ್ತದ ಸೀಮೆ – ಏಪ್ರಿಲ್ 26

ಹೋದ ಜುಲೈ-ಆಗಸ್ಟಿನ್ಯಾಗ ಬೆವರಿತೇನ್ರಿ? ಖರೆ ಹೇಳ್ರಿ.

ಕರಿಮಣ್ಣು – ಏಪ್ರಿಲ್ 26

ಕೋಣೆ ಮುಗಿದದ್ದೇ ಆಗಸ್ಟಿನಲ್ಲಿ. ಪರೀಕ್ಷೆಗೆ ಅಂತ ನಾಲ್ಕು ದಿನ ಓಡಿಸಿದೆ. ಬೆವರಲಿಲ್ಲ, ತಂಪೂ ಆಗಲಿಲ್ಲ, ನಿಲ್ಲಿಸಿದೆ. ಒಂದು ಸಲ ಬಚ್ಚಲಲ್ಲಿ ಬಿಸಿನೀರು ಕಾಯಿಸಿ ಬಾಗಿಲು ತೆರೆದಿಟ್ಟಾಗ ಪೈಪು ಗೋಡೆಯಿಂದ ಹೊರಬರೋ ಜಾಗದಲ್ಲಿ ನಾಲ್ಕು ಹನಿ ಕಂಡಿತು. ಅಲ್ಲಿಗೆ ಫೋಮ್ ಸುತ್ತಿಸಿದೆ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನು ಹಾಕಿಸಿದೆ.

ಸಂಡೂರು ಗಾಳಿ – ಏಪ್ರಿಲ್ 27

ಮುಚ್ಚಿದ ಸುತ್ತಿನ ಒತ್ತಡ ತಿಂಗಳಿಗೊಮ್ಮೆ ಬರೆದಿಡಿ. ಇಳೀತಿದ್ದರೆ ಮೊದಲು ಹೊರಗಿನ ವಾಲ್ವು, ಏರ್ ವೆಂಟ್ ನೋಡಿ, ಹೆಚ್ಚಾಗಿ ಅಲ್ಲೇ ಇರುತ್ತೆ. ತಾಯಿಯವರು ಏನಂತಾರೆ?

ಕರಿಮಣ್ಣು – ಏಪ್ರಿಲ್ 27

ಮೊದಲ ವಾರ ಏನೂ ಹೇಳಲಿಲ್ಲ. ನಿನ್ನೆ ಮಧ್ಯಾಹ್ನ ಹೋಗಿ ನೋಡಿದೆ, ಮಂಚದ ಮೇಲೇ ಮಲಗಿದ್ದಳು, ಸೆರಗು ಒಣಗಿತ್ತು. ಎದ್ದ ಮೇಲೆ ಕೇಳಿದೆ. "ಬೇವಿನ ಗಿಡದ ಬುಡಕ ಮಲಗಿದಂಗ ಆಗ್ತದ" ಅಂದಳು. ಆಮೇಲೆ ಬುದ್ಧ-ಬಸವರ ಫೋಟೋ ಎರಡಕ್ಕೆ ಮೊಳೆ ಹೊಡೀಬೇಕಂತೆ, ಮೇಲಿನ ತೊಲೆಗೆ. ಪ್ರಿಂಟ್ ಹಾಕಿಸಿದ ಫೋಟೋ ನೋಡಿದೆ, ಆ ತೊಲೆಯಲ್ಲಿ ಪೈಪು ಇಲ್ಲ. ಇವತ್ತು ಸಂಜೆ ಹೊಡೀತೀನಿ.